ಶೀಟಿನ ಮಾಡು, ಮೆಲುದನಿಯ ಹಾಡು

ಮಳೆಗಾಲದ ಮಧ್ಯಾಹ್ನಕ್ಕೆ ಹಿತವಾದ ಸಂಗೀತ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, ರಾಗ ತಾಳಗಳ ವಿಚಾರಕ್ಕೆ ಹೋಗುವ ಮೊದಲು ಒಮ್ಮೆ ತಲೆಯೆತ್ತಿ ನಿಮ್ಮ ಮನೆಯ ಮಾಡನ್ನು ನೋಡಿಕೊಳ್ಳಿ ಎನ್ನುತ್ತೇನೆ. ಹಂಚಿನ ಮಾಡಾದರೆ ಮಳೆ ಹಾಡಿನ ಜೊತೆಗೆ ಹೇಗೋ ಹೊಂದಿಕೊಂಡು ಹೋಗುತ್ತದೆ. ತಾರಸಿಯಾದರೆ ಸೋರುವವರೆಗೂ ಮಳೆ ಬಂದದ್ದೇ ತಿಳಿಯುವುದಿಲ್ಲ. ನಮ್ಮದು ತಾರಸಿಯ ಮನೆ. ಸೋರಿತು. ಹಾಗಾಗಿ ಹೊನ್ನಾವರದ ಉಳಿದೆಲ್ಲರಂತೆ ನಾವೂ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದೆವು. ಶೀಟು ಉಳಿಯಿತೆಂದು ಅದನ್ನೇ ಮುಂದಿನ ಜಗುಲಿಗೂ ಇಳಿಸಿದೆವು. ಅಂದಿನಿಂದ ಸೋರುವುದು ನಿಂತಿತು, ಕೇಳುವುದೂ ನಿಂತಿತು. ಆಷಾಢದ ಮಳೆ ಹಿಡಿದರೆ ಜಗುಲಿಯಲ್ಲಿ ಎದುರುಬದುರು ಕೂತವರು ಕೈಸನ್ನೆ ಮಾಡಿ ಚಹಾ ಬೇಕೇ ಬೇಡವೇ ಎಂದು ವಿಚಾರಿಸಿಕೊಳ್ಳಬೇಕು.

ನನ್ನ ಮೊಬೈಲಿಗೆ ಇದೆಲ್ಲ ಗೊತ್ತಿಲ್ಲ. ಮೊನ್ನೆ ಅಂಥದ್ದೇ ಒಂದು ಮಳೆಯಲ್ಲಿ ಅದು ತಾನಾಗಿಯೇ 'ಮಳೆಯ ದಿನಕ್ಕೆ ಇಂಪಾದ ಗೀತೆಗಳು' ಎಂದು ಒಂದು ಗೊಂಚಲನ್ನು ನನ್ನ ಮುಂದೆ ಹಿಡಿಯಿತು. ಮುಖಪುಟದಲ್ಲಿ ಕಿಟಕಿ, ಹಬೆಯಾಡುವ ಲೋಟ, ಯಾರದ್ದೋ ಉಣ್ಣೆಯ ಕಾಲುಚೀಲ. ಇಷ್ಟು ಕಷ್ಟಪಟ್ಟು ತಂದಿದೆಯಲ್ಲ ಎಂದು ಒತ್ತಿದೆ. ಎಷ್ಟು ಹೊತ್ತಾದರೂ ಹಾಡು ಬರಲಿಲ್ಲ. ಫೋನನ್ನು ಕಿವಿಗೆ ಆನಿಸಿಕೊಂಡು ಕೇಳಿದಾಗ ತಿಳಿಯಿತು, ಮೊದಲನೆಯದು ಹಾಡೇ ಅಲ್ಲ, ಎಲ್ಲಿಯೋ ಧ್ವನಿಮುದ್ರಿಸಿಕೊಂಡ ಮಳೆಯ ಸದ್ದು. ನಮ್ಮ ಊರಿನವನಿಗೆ ಮಳೆಯ ಸದ್ದನ್ನು ಮಾರಲು ಬಂದ ಆ ಧೈರ್ಯವನ್ನು ಮೆಚ್ಚಲೇಬೇಕು.

ಶಾಸ್ತ್ರವೂ ನಮಗೆ ಅಷ್ಟೇನೂ ಅನುಕೂಲವಾಗಿಲ್ಲ. ಮಳೆಗೆಂದು ಹೇಳುವ ರಾಗ ಮಲ್ಹಾರ. ಅದರ ಮನೆತನ ದೊಡ್ಡದು, ಅಣ್ಣ ತಮ್ಮಂದಿರು ಅನೇಕ. ಆದರೆ ಅವರೆಲ್ಲ ಹುಟ್ಟಿದ್ದು ಬಿಸಿಲಲ್ಲಿ ನೆಲ ಬಿರಿಯುವ ಸೀಮೆಯಲ್ಲಿ, ಒಂದು ಮೋಡಕ್ಕಾಗಿ ಆಕಾಶ ನೋಡುವ ಜನರ ನಡುವೆ. ಮಲ್ಹಾರ ಹಾಡಿದರೆ ಮಳೆ ಬರುತ್ತದೆ ಎಂಬ ಕತೆ ಅಲ್ಲಿ ಸರಿ. ನಮ್ಮಲ್ಲಿ ಶರಾವತಿ ತುಂಬಿ, ಗದ್ದೆ ತುಂಬಿ, ಬಚ್ಚಲ ಗೂಡಿನಲ್ಲಿಟ್ಟ ಬೆಂಕಿಪೆಟ್ಟಿಗೆಯೂ ಒದ್ದೆಯಾಗಿ ಕೂತಿರುವಾಗ ಯಾರಾದರೂ ಮಲ್ಹಾರ ಹಾಡಲು ಹೊರಟರೆ ನೆರೆಹೊರೆಯವರು ತಕರಾರು ತೆಗೆದಾರು. ನಮಗೆ ಬೇಕಾದದ್ದು ಮಳೆ ನಿಲ್ಲಿಸುವ ರಾಗ. ಅದನ್ನು ಯಾರೂ ಕಟ್ಟಿದ ಹಾಗಿಲ್ಲ.

ಹೀಗೆ ತಮಾಷೆಯಾಗಿ ಹೇಳುತ್ತಿದ್ದೇನೆ. ನಿಜದಲ್ಲಿ ಮಳೆಯ ದಿನದ ಸಂಗೀತ ನಮ್ಮ ಮನೆಯಲ್ಲಿ ಬಹಳ ವರ್ಷ ಕಾದಿಟ್ಟುಕೊಂಡಿದ್ದ ಒಂದು ಆಸೆಯಾಗಿತ್ತು. ನನ್ನ ಹೆಂಡತಿ ವತ್ಸಲಾ ಭಟ್ಕಳದ ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರ್. ನಾನು ಕುಮಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಇಬ್ಬರಿಗೂ ಸಮನಾಗಿ ಅನನುಕೂಲವಾಗಲಿ ಎಂದು ನಡುವಿನ ಹೊನ್ನಾವರದಲ್ಲಿ ಮನೆ ಮಾಡಿದೆವು. ಬೆಳಿಗ್ಗೆ ಅವಳು ದಕ್ಷಿಣದ ಬಸ್ಸು ಹತ್ತುತ್ತಿದ್ದಳು, ನಾನು ಉತ್ತರದ ಬಸ್ಸು. ಸಂಜೆ ಮೊದಲು ಬಂದವರು ಅನ್ನಕ್ಕಿಡುವುದು ಎಂಬುದು ನಮ್ಮ ಒಪ್ಪಂದ. ನೌಕರಿಯ ಆಯುಷ್ಯ ಬಹುಪಾಲು ಹೀಗೇ ಕಳೆಯಿತು.

ಮಳೆ ಜೋರಾದರೆ ಶಾಲೆಗಳಿಗೆ ರಜೆ ಘೋಷಿಸುತ್ತಾರೆ, ಕಚೇರಿಗಳಿಗೆ ಘೋಷಿಸುವುದಿಲ್ಲ. ಗುಮಾಸ್ತರು ನೀರಿನಲ್ಲಿ ಕರಗುವುದಿಲ್ಲ ಎಂದು ಸರ್ಕಾರಕ್ಕೆ ಖಾತ್ರಿಯಿರಬೇಕು. ಹಾಗಾಗಿ ಮಳೆಯ ರಜೆಯ ದಿನಗಳಲ್ಲಿ ವತ್ಸಲಾ ಒಬ್ಬಳೇ ಮನೆಯಲ್ಲಿ. ಆಗ ನಮ್ಮ ಜಗುಲಿಗೆ ಶೀಟು ಬಂದಿರಲಿಲ್ಲ. ಅವಳು ಕ್ಯಾಸೆಟ್ ಹಾಕಿಕೊಂಡು, ಅಕ್ಕಿ ಆರಿಸುತ್ತಲೋ ಉತ್ತರಪತ್ರಿಕೆ ತಿದ್ದುತ್ತಲೋ ಹಾಡು ಕೇಳುತ್ತಿದ್ದಳು. ಹುಡುಗಿಯಾಗಿದ್ದಾಗ ಸ್ವಲ್ಪ ದಿನ ಹಿಂದುಸ್ತಾನಿ ಕಲಿತವಳು, ನಿಧಾನಗತಿಯ ವಿಲಂಬಿತ ಖಯಾಲೆಂದರೆ ಪ್ರಾಣ. ನನ್ನದು ಹಳೆಯ ಹಿಂದಿ ಸಿನಿಮಾ ಹಾಡುಗಳ ಜಾತಿ. ವಿಲಂಬಿತವನ್ನು ಕೇಳುವುದೆಂದರೆ ನನಗೆ ಮಂಕಿ ಊರಿನ ಹೆದ್ದಾರಿಯ ಬದಿಯಲ್ಲಿ ನಿಲ್ಲದ ಬಸ್ಸುಗಳನ್ನು ನೋಡುತ್ತ ನಿಂತ ಹಾಗೆ. ಬರುತ್ತದೆ ಬರುತ್ತದೆ ಎನ್ನಿಸುತ್ತದೆ, ಹಾದು ಹೋಗುತ್ತದೆ.

ನಾನು ಒದ್ದೆ ಪ್ಯಾಂಟು ಮಡಚಿಕೊಂಡು ಮನೆ ಸೇರಿದಾಗ ಅವಳು ಹೇಳುತ್ತಿದ್ದಳು: "ಇವತ್ತು ನೀವು ಇರ್ಬೇಕಾಗಿತ್ತು. ಮಳೆಯೂ ಹದಕ್ಕಿತ್ತು, ಹಾಡೂ ಹದಕ್ಕಿತ್ತು."

"ರಿಟೈರ್ ಆಗ್ಲಿ, ಇಬ್ರೂ ಕೂತು ಕೇಳುವಾ" ಎನ್ನುತ್ತಿದ್ದೆ.

"ಆತು. ಮಳೆ ಬಂದ ಮಧ್ಯಾಹ್ನ ಎಲ್ಲ ನಮ್ದೇ" ಎನ್ನುತ್ತಿದ್ದಳು ಅವಳು.

ನಾವಿಬ್ಬರೂ ಸಮಾನ ಮನಸ್ಸಿನಿಂದಲೇ ಮುಂದೂಡಿದೆವು. ಯಾರನ್ನೂ ದೂರುವ ಹಾಗಿಲ್ಲ. ಮಳೆ ಮುಂದಿನ ವರ್ಷವೂ ಬರುತ್ತದೆ, ಹಾಡು ಎಲ್ಲಿಗೂ ಹೋಗುವುದಿಲ್ಲ. ಅದರಲ್ಲಿ ಅನುಮಾನ ಪಡಲು ಏನಿತ್ತು? ಅವೆರಡೂ ನಾವು ನಂಬಿದಂತೆಯೇ ನಡೆದುಕೊಂಡವು, ಈಗಲೂ ಬರುತ್ತಿವೆ.

ನಾನು ಅವಳಿಗಿಂತ ಮೊದಲು ನಿವೃತ್ತನಾದೆ. ಮನೆಯಲ್ಲಿ ಒಬ್ಬನೇ ಕೂತು ಮಾಡುವುದೇನು? ಒಳ್ಳೆಯ ಒಂದು ಜೊತೆ ಸ್ಪೀಕರ್ ತಂದೆ. ಅವಳು ಹೇಳುತ್ತಿದ್ದ ಗಾಯಕರನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ಹುಡುಕಿ ಸೇರಿಸಿದೆ. ಗುಟ್ಟಾಗಿ ವಿಲಂಬಿತ ಕೇಳುವ ಅಭ್ಯಾಸವನ್ನೂ ಮಾಡಿದೆ. ಮೊದಮೊದಲು ನಿದ್ದೆ ಬರುತ್ತಿತ್ತು. ಆಮೇಲೆ ನಿದ್ದೆ ಸ್ವಲ್ಪ ತಡವಾಗಿ ಬರತೊಡಗಿತು. ಅದನ್ನು ನಾನು ಪ್ರಗತಿ ಎಂದೇ ಎಣಿಸಿದೆ. ಅವಳು ನಿವೃತ್ತಳಾಗಿ ಮನೆಯಲ್ಲಿ ಕೂತ ಮೊದಲ ಮಳೆಗೆ ತಲೆದೂಗಲು ಬಂದರೆ ಸಾಕು ಎಂದುಕೊಂಡಿದ್ದೆ.

ಅವಳ ನೌಕರಿಯ ಕೊನೆಯ ಮಳೆಗಾಲ ಎಂದಿನಂತೆ ಗದ್ದಲದಲ್ಲಿ ಕಳೆಯಿತು. ಹಿಂದಿನ ಬೆಂಚಿನ ಹುಡುಗರು ಈಚೆಗೆ ಬಾಯೊಳಗೇ ಮಾತಾಡುತ್ತಾರೆ ಎಂದು ಅವಳು ದೂರುತ್ತಿದ್ದಳು. ಶಾಲೆಯ ಮಾಡಿನ ಮೇಲೂ ಶೀಟು, ನಮ್ಮ ಜಗುಲಿಯ ಮೇಲೂ ಶೀಟು. ಯಾರು ಏನು ಹೇಳಿದರೂ ಎರಡು ಸಲ ಹೇಳಬೇಕು, ಕೂಗಿ ಹೇಳಬೇಕು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಎಲ್ಲರೂ ಅರ್ಧ ಕಿವುಡರೇ. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿಯಿತು. ಎಲ್ಲರೂ ದನಿ ತಗ್ಗಿಸಿದರು. ಆಗ ಒಂದು ಬೆಳಿಗ್ಗೆ ಕುಕ್ಕರು ಸೀಟಿಯ ಮೇಲೆ ಸೀಟಿ ಹೊಡೆಯುತ್ತಿತ್ತು, ವತ್ಸಲಾ ಅದರ ಪಕ್ಕದಲ್ಲೇ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡು, ಏನು ತಪ್ಪು ಮಾಡಿರಬಹುದೆಂದು ಊಟದ ಹೊತ್ತಿನವರೆಗೂ ಯೋಚಿಸಿದೆ. ಬಡಿಸುವಾಗ ಅವಳು ಬಹಳ ಪ್ರೀತಿಯಿಂದಲೇ ಹಪ್ಪಳ ಹಾಕಿದಳು. ಆಗ ನನಗೆ ಹೆದರಿಕೆಯಾಯಿತು.

ದೊಡ್ಡ ಆಸ್ಪತ್ರೆಗೆ ಹೋದೆವು. ಕಿವಿಯ ನರ ಸೋತಿದೆ, ವರ್ಷಗಳಿಂದ ನಿಧಾನವಾಗಿ ಸೋಲುತ್ತ ಬಂದಿದೆ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಉಳಿಸಬಹುದಿತ್ತೇ ಎಂದು ಕೇಳಿದೆ. ಇಲ್ಲ, ಮೊದಲೇ ಬಂದಿದ್ದರೆ ಮೊದಲೇ ತಿಳಿಯುತ್ತಿತ್ತು, ಅಷ್ಟೇ ಎಂದರು. ಸಮಾಧಾನಕ್ಕೆಂದು ಹೇಳಿದ ಆ ಮಾತು ದಾರಿಯುದ್ದಕ್ಕೂ ನನ್ನನ್ನು ಕೊರೆಯಿತು. ಮೊದಲೇ ತಿಳಿದಿದ್ದರೆ ಮೊದಲೇ ಕೇಳಿಬಿಡುತ್ತಿದ್ದೆವಲ್ಲ. ಕಚೇರಿಗೆ ರಜೆ ಹಾಕಬಹುದಿತ್ತು. ಗುಮಾಸ್ತನೊಬ್ಬ ನಾಲ್ಕು ಮಧ್ಯಾಹ್ನ ಬಾರದಿದ್ದರೆ ಕುಮಟೆ ತಾಲೂಕು ಮುಳುಗುತ್ತಿರಲಿಲ್ಲ.

ಕಿವಿಗೆ ಯಂತ್ರ ಹಾಕಿಸಿದೆವು. ಮಾತು ತಕ್ಕಮಟ್ಟಿಗೆ ಕೇಳತೊಡಗಿತು. ಅದೊಂದು ದೊಡ್ಡ ಸಮಾಧಾನ. ಆದರೆ ಮೊದಲ ಸಲ ಸ್ಪೀಕರ್ ಹಚ್ಚಿದಾಗ ಅವಳು ಗಾಬರಿಯಿಂದ ಕಿವಿಗೆ ಕೈ ಒಯ್ದಳು. ಅದು ಅವಳಿಗೆ ಬಹಳ ಇಷ್ಟವಾದ ಗಾಯಕಿಯ ದನಿ. "ಎಂತ ಇದು? ಯಾರನ್ನೋ ಡಬ್ಬಿಯೊಳಗೆ ಹಾಕಿ ಹಾಡಿಸ್ದಂಗೆ ಅದೆ" ಎಂದಳು. ಆಮೇಲೆ ನನ್ನ ಮುಖ ನೋಡಿ, "ರೂಢಿ ಆಗ್ತದೆ ಬಿಡಿ" ಎಂದು ಸೇರಿಸಿದಳು.

ಕುಮಟೆಯಲ್ಲಿ ಯಂತ್ರವನ್ನು ಹೊಂದಿಸಿಕೊಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮುಚ್ಚುಮರೆಯಿಲ್ಲದೆ ಹೇಳಿದರು: "ಅಂಕಲ್, ಇದನ್ನ ಮಾಡಿದ್ದೇ ಮಾತಿಗೆ. ಸಂಗೀತ ಬಂದ್ರೆ ಇದಕ್ಕೆ ಮಾತೋ ಗಲಾಟೆಯೋ ಗೊತ್ತಾಗೂದಿಲ್ಲ. ಮೇಲಿಂದ ನಿಮ್ಮನೆ ಶೀಟಿನ ಮೇಲೆ ಮಳೆ. ಒಂದೇ ವಾದ್ಯ ಇರ್ಲಿ, ನಿಧಾನ ಇರ್ಲಿ, ಕೆಳಗಿನ ಸ್ವರ ಇರ್ಲಿ. ಅಂಥದ್ದು ಹುಡುಕಿ ನೋಡಿ." ಹೀಗೆ ಮೆಲುದನಿಯ ಸಂಗೀತ ನಮ್ಮ ಮನೆಗೆ ಔಷಧದ ಚೀಟಿಯ ಮೂಲಕ ಬಂತು.

ಅವಳು ನಿವೃತ್ತಳಾದ ಮೇಲಿನ ಮೊದಲ ಮಳೆಗಾಲ ಪೂರ್ತಿ ನಾವು ಆ ಹುಡುಕಾಟದಲ್ಲೇ ಕಳೆದೆವು. ನಾನು ಹಾಕುವುದು, ಅವಳು ತೀರ್ಪು ಕೊಡುವುದು. ಕೊಳಲು ಅವಳಿಗೆ ಕೇಳಿಸಲೇ ಇಲ್ಲ, ನಡುನಡುವೆ ಯಾರೋ ಉಸಿರುಬಿಟ್ಟಂತೆ ಆಯಿತಂತೆ. ಸಿತಾರು ಸ್ಟೀಲಿನ ಪಾತ್ರೆಗೆ ಚಮಚ ಸುರಿದಂತೆ. ಪಿಟೀಲು ರಿಕ್ಷಾದ ಬ್ರೇಕು. ಸರೋದಿನ ಕೆಳಗಿನ ತಂತಿಗಳು ಪರವಾಗಿಲ್ಲ ಎನ್ನುವಷ್ಟರಲ್ಲಿ ಮಳೆ ಹೊಯ್ಯಿತು, ಯಂತ್ರ ಶೀಟಿನ ಸದ್ದನ್ನೇ ಮುಖ್ಯ ಕಲಾವಿದನೆಂದು ಭಾವಿಸಿ ಸರೋದನ್ನು ಬದಿಗೆ ಸರಿಸಿತು. ಗಂಭೀರ ಕಂಠದ ಒಬ್ಬ ಹಿರಿಯ ಗಾಯಕರನ್ನು ಬಹಳ ಆಸೆಯಿಂದ ಹಾಕಿದೆ. ಅವಳು ತಲೆ ಓರೆಮಾಡಿ ಕೇಳಿ, "ಇವ್ರು ನಿಮ್ಮ ದೊಡ್ಡಪ್ಪನ ಹಂಗೇ ಆಕಳಿಸ್ತ್ರು" ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಯಂತ್ರವನ್ನು ತೆಗೆದು ಅದರ ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಿ, ಒಳಗೆ ಹೋದಳು. ಮಳೆ ಬಿಡುವವರೆಗೂ ಹೊರಗೆ ಬರಲಿಲ್ಲ.

ಅದಾದ ಮೇಲೆ ನಾನು ಹಾಡು ಹಾಕುವುದನ್ನೇ ಬಿಟ್ಟೆ. ಅವಳಿಗಿಲ್ಲದ್ದು ನನಗೇಕೆ ಎಂಬ ತ್ಯಾಗದ ಭಾವ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು, ಏಕೆಂದರೆ ಸ್ಪೀಕರಿನ ಮೇಲೆ ಬಟ್ಟೆ ಹೊದೆಸಿದ್ದು ಎಲ್ಲರಿಗೂ ಕಾಣುವ ಹಾಗೆ ಹೊದೆಸಿದ್ದೆ.

ಆ ಬಟ್ಟೆ ಮೊದಲು ಕಣ್ಣಿಗೆ ಬಿದ್ದದ್ದು ಫರ್ಹಾನಾ ಟೀಚರಿಗೆ. ಅವರು ಭಟ್ಕಳದವರು, ವತ್ಸಲಾಳ ಶಾಲೆಯಲ್ಲೇ ಉರ್ದು ಕಲಿಸುತ್ತಿದ್ದವರು. ಸ್ಟಾಫ್ ರೂಮಿನಲ್ಲಿ ಇಬ್ಬರದ್ದೂ ಪಕ್ಕಪಕ್ಕದ ಕುರ್ಚಿ. ಬಿಡುವಿನ ವೇಳೆಯಲ್ಲಿ ಅವರು ಗಜಲಿನ ಸಾಲುಗಳಿಗೆ ಅರ್ಥ ಹೇಳುವುದು, ಇವಳು ಅದರ ರಾಗ ಯಾವುದಿರಬಹುದೆಂದು ಊಹಿಸುವುದು, ಹೀಗೆ ಬೆಳೆದ ಸ್ನೇಹ. ಈ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಮಳೆ ಹುಯ್ಯುತ್ತಿದ್ದಾಗಲೇ, ಮಗಳ ಮನೆಯಿಂದ ಹಿಂದಿರುಗುತ್ತ ನಮ್ಮಲ್ಲಿಗೆ ಬಂದರು.

"ಇದೇನು ಸರ್, ಸ್ಪೀಕರಿಗೆ ಶಾಲು?" ಎಂದು ಕೇಳಿದರು.

"ವತ್ಸಲಾಗೆ ಹಾಡು ಕೇಳೂದಿಲ್ಲ. ಹಂಗಾಗಿ ನಾನೂ ಬಿಟ್ಟಿದ್ದೇನೆ" ಎಂದೆ. ಅವರು ಶಹಬ್ಬಾಸ್ ಎನ್ನಬಹುದೆಂದು ನನ್ನ ನಿರೀಕ್ಷೆ.

ಅವರು ವತ್ಸಲಾಳ ಎದುರು ಕುರ್ಚಿ ಎಳೆದುಕೊಂಡು ಕೂತರು. ಮಳೆಯ ಗದ್ದಲಕ್ಕೆ ಅವಳು ಯಂತ್ರ ತೆಗೆದಿಟ್ಟಿದ್ದಳು. ಫರ್ಹಾನಾ ಟೀಚರ್ ಹಾಡಲಿಲ್ಲ. ಅವಳ ಮುಖಕ್ಕೆ ಮುಖ ಕೊಟ್ಟು, ಬಿಡಿಬಿಡಿಯಾಗಿ ತುಟಿಯಾಡಿಸುತ್ತ, ಹಳೆಯ ಯಾವುದೋ ಗಜಲಿನ ಸಾಲುಗಳನ್ನು ಹೇಳಿದರು. ಒಂದು ಸಾಲು ಹೇಳಿ ನಿಲ್ಲುವುದು, ಅವಳು ಅದನ್ನು ಹಿಡಿದುಕೊಂಡಳೆಂದು ಕಂಡ ಮೇಲೆ ಮುಂದಿನದು. ನಾಲ್ಕನೆಯ ಸಾಲಿಗೆ ವತ್ಸಲಾಳ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತ್ತು. ಒಳಗೆ ಎಲ್ಲಿಯೋ ಆ ಹಾಡು ಪೂರ್ತಿ ಇತ್ತು. ಯಾರಾದರೂ ಸಾಲು ನೆನಪಿಸಿಕೊಟ್ಟರೆ ಸಾಕು, ಉಳಿದದ್ದನ್ನು ಅವಳೇ ಹಾಡಿಕೊಳ್ಳುತ್ತಿದ್ದಳು.

ಹೊರಡುವಾಗ ಫರ್ಹಾನಾ ಟೀಚರ್ ಕೊಡೆ ಬಿಚ್ಚುತ್ತ ನನಗೊಬ್ಬನಿಗೇ ಎಂಬಂತೆ ಅಂದರು: "ನೀವು ಬಿಟ್ರೆ ಈ ಮನೆಗೆ ಹಾಡು ಬರೋದು ಎಲ್ಲಿಂದ ಸರ್?"

ಮಾರನೆಯ ಮಳೆಗೆ ನಾನು ಶಾಲು ತೆಗೆದೆ. ನನಗೆ ಉರ್ದು ಬಾರದು, ರಾಗದ ಲಕ್ಷಣ ತಿಳಿಯದು. ಗೊತ್ತಿರುವುದು ರೇಡಿಯೋದ ಕ್ರಿಕೆಟ್ ವಿವರಣೆ ಒಂದೇ. ಆ ಮಾದರಿಯಲ್ಲೇ ಅವಳ ಎದುರು ಕೂತು ಶುರುಮಾಡಿದೆ. ತಂಬೂರಿ ಬಂತು. ಈಗ ಗಾಯಕರು ಕೆಳಗಿನ ಸ್ವರದಲ್ಲೇ ತಿರುಗಾಡುತ್ತಿದ್ದಾರೆ. ಮೇಲೆ ಹೋಗಲು ನೋಡಿದರು, ಮನಸ್ಸು ಬದಲಿಸಿದರು. ತಬಲಾದವನು ಇನ್ನೂ ಸುಮ್ಮನಿದ್ದಾನೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಕೈಯೆತ್ತಿ ನಿಲ್ಲಿಸಿದಳು.

"ಸಾಕು. ನೀವು ಹೇಳೂದ್ರಲ್ಲಿ ಹಾಡೇ ಹೋತು. ಹೇಳ್ಬೇಡಿ, ನೀವು ಕೇಳಿ" ಎಂದಳು.

"ನಾ ಕೇಳಿ ನಿಂಗೆಂತ ಬಂತು?" ಎಂದೆ.

"ನಿಮ್ಮ ಮುಖ ನೋಡ್ತೆ. ಒಳ್ಳೇದಿದ್ರೆ ಗೊತ್ತಾಗ್ತದೆ."

ಹೀಗೆ ನಮ್ಮ ಮನೆಯಲ್ಲಿ ಮಳೆಯ ದಿನದ ಸಂಗೀತ ಆರಿಸುವ ಅಧಿಕಾರ ಅವಳ ಕೈಗೆ ಹೋಯಿತು. ನಾನು ಒಂದನ್ನು ಹಚ್ಚುತ್ತೇನೆ, ಅವಳು ಹೆಣಿಗೆಯ ಮೇಲಿಂದ ಕಣ್ಣೆತ್ತಿ ನನ್ನನ್ನು ಪರೀಕ್ಷಿಸುತ್ತಾಳೆ, ಮುಂದಿನದು ಎಂದು ಬೆರಳಾಡಿಸುತ್ತಾಳೆ. ನೌಕರಿಯಲ್ಲಿದ್ದಷ್ಟು ಕಾಲವೂ ಮೇಲಧಿಕಾರಿಗಳ ಎದುರು ಮುಖದಲ್ಲಿ ಏನೂ ತೋರಿಸದೆ ಕೂರುವುದನ್ನು ಸಾಧಿಸಿದವನು ನಾನು. ಆ ವಿದ್ಯೆ ಇಲ್ಲಿ ನಡೆಯಲಿಲ್ಲ. ತಲೆದೂಗಿ ಮೋಸಮಾಡಲು ನೋಡಿದೆ. "ಅದು ಸುಳ್ಳು, ಇನ್ನೊಂದು ಹಾಕಿ" ಎಂದಳು. ಹಳೆಯ ಸಿನಿಮಾ ಹಾಡು ಹಾಕಿದರೆ ಪಾಸು ಮಾಡುತ್ತಾಳೆ. ಅವಳ ಪ್ರೀತಿಯ ವಿಲಂಬಿತ ಹಾಕಿದರೆ ಮಾತ್ರ ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸುತ್ತಾಳೆ. ಯಾಕೆಂದು ಕೇಳಿದೆ.

"ಅದು ಬಂದ ಕೂಡ್ಲೆ ನಿಮ್ಮ ಮೋರೆ ಸಣ್ಣ ಆಗ್ತದೆ. ನೀವು ಹಾಡು ಕೇಳ್ತಾ ಇಲ್ಲ, ನನ್ನ ನೆನೆಸ್ಕೊಂಡು ಕೂತಿರ್ತ್ರಿ. ಅದು ನಂಗೆ ಬ್ಯಾಡ."

ನಿಜವಾಗಿತ್ತು. ಆಲಾಪ ಶುರುವಾದೊಡನೆ ನನಗೆ ಅವಳು ಒಬ್ಬಳೇ ಕೂತು ಕೇಳಿದ ಎಲ್ಲ ಮಧ್ಯಾಹ್ನಗಳು, ನಾನು ಕುಮಟೆಯಲ್ಲಿ ಕಡತ ತಿರುವುತ್ತ ಕೂತಿದ್ದ ಅದೇ ಮಧ್ಯಾಹ್ನಗಳು ಸಾಲಾಗಿ ಎದುರು ನಿಲ್ಲುತ್ತಿದ್ದವು. ಮಳೆಗೆ ಯಾವ ಸಂಗೀತ ಹಿತವೆಂದು ಇಷ್ಟೆಲ್ಲ ಹುಡುಕಿದೆನಲ್ಲ, ಹಿತವಾಗದೆ ಇದ್ದದ್ದು ಕೇಳುವವನು. ವಿಷಾದ ಇಟ್ಟುಕೊಂಡು ಕೇಳುವವನ ಕಿವಿಯೂ ಒಂದು ರೀತಿಯಲ್ಲಿ ಶೀಟಿನ ಮಾಡೇ. ಅದನ್ನು ಬಿಟ್ಟು ಕೇಳುವುದನ್ನು ಯಾರಿಂದ ಕಲಿಯುವುದು? ಅದಕ್ಕೆ ಡಾಕ್ಟರಮ್ಮನ ಬಳಿ ಚೀಟಿಯಿಲ್ಲ. ಬಿಟ್ಟುಬಿಟ್ಟೆ ಎಂದು ಇಲ್ಲಿ ಬರೆದರೆ ವತ್ಸಲಾ ಓದಿ 'ಸುಳ್ಳು' ಎಂದು ಬದಿಯಲ್ಲಿ ಗುರುತು ಹಾಕುತ್ತಾಳೆ.

ಆದರೆ ಹೋದ ವಾರ ಒಂದು ಮಧ್ಯಾಹ್ನ, ಊಟವಾದ ಮೇಲೆ, ಮಳೆ ಜೋರೂ ಅಲ್ಲ, ನಿಂತೂ ಇಲ್ಲ ಎಂಬ ಹದದಲ್ಲಿತ್ತು. ಅವಳ ಗಾಯಕಿಯನ್ನೇ ಹಾಕಿದೆ. ವತ್ಸಲಾ ಯಂತ್ರ ತೆಗೆದಿಟ್ಟು ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ಮುಖ ಸಣ್ಣದಾಗುವ ಮೊದಲೇ ಕಣ್ಣು ಮುಚ್ಚಿಕೊಳ್ಳೋಣವೆಂದು ಮುಚ್ಚಿಕೊಂಡೆ. ಆ ಹೆಂಗಸು ಯಾವ ಅವಸರವೂ ಇಲ್ಲದೆ ಹಾಡುತ್ತಿದ್ದರು. ಒಂದು ಸ್ವರಕ್ಕೆ ಬಂದು ಅಲ್ಲೇ ನಿಂತರು. ಮುಂದೆ ಹೋಗಲಿ ಎಂದು ನನಗೆ ಅನ್ನಿಸಲಿಲ್ಲ. ಆಮೇಲೆ ಏನಾಯಿತೆಂದು ಹೇಳಲಾರೆ, ಬಸ್ಸಿಗೆ ಕಾಯುವುದನ್ನು ಮರೆತು ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತುಬಿಟ್ಟವನ ಹಾಗೆ ಇದ್ದೆ. ಒಂದು ಸಲವೂ ನಿಲ್ಲಿಸಿ ಎಂಬ ಮಾತು ಬರಲಿಲ್ಲ. ಇಂದು ಪಾಸಾದೆ ಎಂದುಕೊಂಡು, ಫಲಿತಾಂಶ ನೋಡಲು ಕಣ್ಣು ಬಿಟ್ಟೆ.

ವತ್ಸಲಾ ಕುರ್ಚಿಯ ಬೆನ್ನಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಯಾವಾಗ ನಿದ್ದೆ ಹತ್ತಿತೋ, ನನ್ನ ಮುಖ ಎಷ್ಟು ಹೊತ್ತು ನೋಡಿದಳೋ ತಿಳಿಯುವ ಬಗೆಯಿಲ್ಲ. ಸ್ಪೀಕರಿನಲ್ಲಿ ತಬಲಾ ಚುರುಕಾಗತೊಡಗಿತ್ತು. ಅವಳಿಗೆ ಎಚ್ಚರವಾದೀತೆಂದು ದನಿ ತಗ್ಗಿಸಲು ಕೈ ಚಾಚಿದೆ. ಅರ್ಧಕ್ಕೆ ನೆನಪಾಯಿತು. ನೆನಪಾದ ಮೇಲೂ ತಗ್ಗಿಸಿದೆ.